ಮೂರು ವಾರದ ಹಳದಿ

ನಮ್ಮ ಮನೆ ಹೊಸಹಳ್ಳಿ ಮೆಟ್ರೋ ನಿಲ್ದಾಣದಿಂದ ನಡೆದರೆ ಎಂಟು ನಿಮಿಷ. ಬೀದಿಗೆ ತೆರೆದುಕೊಳ್ಳುವ ಮುಂದಿನ ರೂಮಿನಲ್ಲಿ ನನ್ನ ಕಂಪ್ಯೂಟರ್ ಇದೆ. ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋಗಳ ಬಣ್ಣ ತಿದ್ದಿ, ಆಲ್ಬಮ್ಮಿನ ಪುಟ ಜೋಡಿಸಿಕೊಡುವುದು ನನ್ನ ಕೆಲಸ. ಶುರುವಿನಲ್ಲಿ ಮಾಗಡಿ ರಸ್ತೆಯ ಒಂದು ಸ್ಟುಡಿಯೋದಲ್ಲಿ ಕೂತು ಪಾಸ್‌ಪೋರ್ಟ್ ಫೋಟೋ ಕತ್ತರಿಸಿ ಕವರಿಗೆ ಹಾಕುತ್ತಿದ್ದೆ. ಕಂಪ್ಯೂಟರ್ ಕಲಿತದ್ದೂ ಅಲ್ಲೇ. ಮಗಳು ಹುಟ್ಟಿದ ಮೇಲೆ ದಿನಾ ಓಡಾಡುವುದು ಕಷ್ಟವಾಯಿತು. ಆಗ ಸ್ಟುಡಿಯೋದ ಮಾಲೀಕರೇ ಕೆಲಸವನ್ನು ಮನೆಗೆ ಕಳಿಸತೊಡಗಿದರು. ಅವರು ಫೋಟೋ ಕಳಿಸುತ್ತಾರೆ, ನಾನು ತಿದ್ದಿ ಹಿಂದಕ್ಕೆ ಕಳಿಸುತ್ತೇನೆ, ಪ್ರಿಂಟ್ ಇನ್ನೆಲ್ಲೋ ಆಗುತ್ತದೆ. ಗಿರಾಕಿಗಳು ಹೋಗುವುದು ಅವರ ಅಂಗಡಿಗೆ. ಹಾಗಾಗಿ ಒಂದು ಮದುವೆಗೆ ಬಂದ ಅಷ್ಟೂ ಜನರ ಮುಖ ನನಗೆ ಗೊತ್ತಿರುತ್ತದೆ, ಯಾರ ಮೂಗಿನ ಮೇಲೆ ಮಚ್ಚೆ ಇದೆ, ಯಾರು ಫ್ಲ್ಯಾಶಿಗೆ ಕಣ್ಣು ಮುಚ್ಚುತ್ತಾರೆ ಎನ್ನುವವರೆಗೆ. ಅವರ ಹೆಸರು ಮಾತ್ರ ಗೊತ್ತಿರುವುದಿಲ್ಲ.

ಎರಡು ವರ್ಷದ ಕೆಳಗೆ ಹಳೆಯ ಮಾನಿಟರಿನ ನಡುವೆ ಹಸಿರು ಗೆರೆ ಬಂದು ಅದು ಕೆಟ್ಟುಹೋಯಿತು. ನಮ್ಮ ಯಜಮಾನರು ಭಾನುವಾರ ಹೊಸದೊಂದನ್ನು ತಂದು ಜೋಡಿಸಿದರು. ಆನ್ ಮಾಡಿದಾಗ ಕಂಪ್ಯೂಟರ್ ತಾನಾಗಿಯೇ ಏನನ್ನೋ ಇಳಿಸಿಕೊಂಡಿತು, ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬಂತು. ಅದನ್ನು ನಾವಿಬ್ಬರೂ ಗಣನೆಗೆ ತೆಗೆದುಕೊಳ್ಳಲಿಲ್ಲ. ಮೊದಲ ದಿನ ಫೋಟೋಗಳೆಲ್ಲ ಸ್ವಲ್ಪ ಹಳದಿ ಅನ್ನಿಸಿದವು. ಹೊಸ ಮಾನಿಟರ್, ಇದರ ಗುಣವೇ ಹೀಗಿರಬೇಕು ಅಂದುಕೊಂಡೆ. ಎರಡು ದಿನಕ್ಕೆ ಕಣ್ಣು ಒಗ್ಗಿತು. ಅಲ್ಲದೆ ಛತ್ರದಲ್ಲಿ ತೆಗೆದ ಫೋಟೋ ಯಾವತ್ತೂ ಹಳದಿಯೇ. ವಿಡಿಯೋದವರು ಹಿಡಿಯುವ ಲೈಟು, ಮಂಟಪದ ಸೀರಿಯಲ್ ಬಲ್ಬು, ಎಲ್ಲ ಸೇರಿ ಮುಖಕ್ಕೆ ಅರಿಶಿನ ಬಳಿದ ಹಾಗೆ ಮಾಡುತ್ತವೆ. ಆ ಹಳದಿಯನ್ನು ತೆಗೆಯುವುದು ನಾನು ದಿನಾ ಮಾಡುವ ಕೆಲಸ. ಆ ದಿನಗಳಲ್ಲಿ ಸ್ವಲ್ಪ ಹೆಚ್ಚಾಗಿ ತೆಗೆದೆ, ಅಷ್ಟೇ.

ನಮ್ಮತ್ತೆಗೆ ಆಗಷ್ಟೇ ಎಡಗಣ್ಣಿನ ಪೊರೆ ತೆಗೆದಿದ್ದರು. ಬಲಗಣ್ಣಿನದು ಇನ್ನೂ ಬಾಕಿ ಇತ್ತು. ಟಿವಿ ನೋಡಬಾರದು, ಒಲೆ ಮುಂದೆ ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರಿಂದ ಅವರು ನನ್ನ ರೂಮಿನಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವರಿಗೊಂದು ಹೊಸ ಆಟ ಸಿಕ್ಕಿತ್ತು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆ ನೋಡುವುದು, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡುವುದು. ಆಪರೇಷನ್ ಆದ ಕಣ್ಣಿಗೆ ಗೋಡೆ ಬೆಳ್ಳಗೆ ಕಾಣುತ್ತದಂತೆ, ಆಗದ ಕಣ್ಣಿಗೆ ಹಳೇ ಪಂಚೆಯ ಹಾಗೆ. ಇಷ್ಟು ವರ್ಷ ಈ ಮನೆಯ ಗೋಡೆಯನ್ನು ಹಳೇ ಪಂಚೆ ಮಾಡಿಕೊಂಡೇ ನೋಡಿದೆನಲ್ಲ ಎಂದು ಅವರಿಗೆ ಆಶ್ಚರ್ಯ.

ಒಂದು ದಿನ ಹಾಗೇ ಕಣ್ಣು ಮುಚ್ಚಿ ತೆರೆದು ಮಾಡುತ್ತಾ ನನ್ನ ಪರದೆಯ ಕಡೆ ತಿರುಗಿದವರು ಕೇಳಿದರು:

"ಏನೇ ಇದು, ಇವ್ರಿಗೆಲ್ಲಾ ಕಾಮಾಲೆ ಬಂದಿದ್ಯಾ?"

ನಾನು ಆಗ ತೆರೆದಿದ್ದದ್ದು ಇನ್ನೂ ತಿದ್ದದ ಫೋಟೋ. ಛತ್ರದ ಲೈಟು ಹಾಗಿರುತ್ತದೆ ಎಂದು ಹೇಳಿದೆ. ಅದಲ್ಲ, ನಿನ್ನೆ ನೀನು ಸರಿ ಮಾಡಿ ಮುಗಿಸಿದೆ ಅಂದ ಫೋಟೋದಲ್ಲೂ ಬಿಳೀ ಪಂಚೆ ಬೆಳ್ಳಗಿರಲಿಲ್ಲ ಎಂದರು. ನಿಮ್ಮ ಕಣ್ಣು ಇನ್ನೂ ಹದಕ್ಕೆ ಬಂದಿಲ್ಲ ಅತ್ತೆ, ಒಂದು ತಿಂಗಳು ಬಣ್ಣ ಬೇರೆ ಥರ ಕಾಣುತ್ತದೆ ಎಂದು ಡಾಕ್ಟರೇ ಹೇಳಿದ್ದಾರಲ್ಲ ಎಂದೆ. ಅವರು ಮತ್ತೆ ಗೋಡೆಯ ಕಡೆ ತಿರುಗಿದರು. ಅವತ್ತು ಅವರ ಮಾತಿಗೆ ಎರಡು ನಿಮಿಷ ಕೊಟ್ಟಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಅದಾಗಿ ಒಂದು ವಾರಕ್ಕೆ ಸ್ಟುಡಿಯೋ ಮಾಲೀಕರು ಫೋನ್ ಮಾಡಿದರು. ಮಹಾಲಕ್ಷ್ಮಿ ಲೇಔಟಿನ ಹಿರಿಯರೊಬ್ಬರು ತಮ್ಮ ಹೆಂಡತಿಯ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದಾರೆ, ಸೀರೆಯ ಬಣ್ಣ ಸರಿಯಿಲ್ಲ ಎಂದು ಎರಡು ಸಲ ವಾಪಸ್ ಬಂದಿದ್ದಾರೆ, ಏನು ಹೇಳಿದರೂ ಒಪ್ಪುತ್ತಿಲ್ಲ, ಬಣ್ಣ ತಿದ್ದಿದವಳು ನೀನೇ ತಾನೇ, ಒಂದು ಸಲ ಮಾತಾಡಮ್ಮ ಎಂದರು. ಹಾಗೆ ಆ ಹಿರಿಯರು ನಮ್ಮ ಮನೆಗೆ ಬಂದರು. ಎಪ್ಪತ್ತೈದು ದಾಟಿದ ತೆಳ್ಳನೆಯ ಮನುಷ್ಯ. ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು. ಬೆರಳಿನ ಉಗುರುಗಳ ಅಂಚು ನೀಲಿ ಕಪ್ಪು, ಎಷ್ಟು ತೊಳೆದರೂ ಹೋಗದ ಥರದ್ದು. ಬಟ್ಟೆ ಗಿರಣಿಯೊಂದರ ಬಣ್ಣದ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದರಂತೆ. ಗಿರಣಿ ಮುಚ್ಚಿದ ಮೇಲೂ ಗೆಳೆಯರ ಡೈಯಿಂಗ್ ಘಟಕಕ್ಕೆ ಹೋಗಿ ಕೈಯಾಡಿಸುವುದನ್ನು ಬಿಟ್ಟಿಲ್ಲ.

ಆ ಸೀರೆಯ ನೂಲಿಗೆ ಬಣ್ಣ ಹಾಕಿದ್ದು ಅವರೇ. ಮದುವೆಯಾಗಿ ಐವತ್ತು ವರ್ಷ ತುಂಬಿದ್ದಕ್ಕೆ ಹೆಂಡತಿಗೆ ಕೊಡಬೇಕೆಂದು ರೇಷ್ಮೆ ನೂಲಿಗೆ ಬಾಳೆಸುಳಿಯ ಬಣ್ಣ ಕಟ್ಟಿ, ಮೂರನೇ ಸಲಕ್ಕೆ ಮನಸ್ಸಿಗೆ ಬಂದ ಮೇಲೆ ನೇಯಿಸಿದ್ದರು. ಬಾಳೆಸುಳಿ ಅಂದರೆ ಇನ್ನೂ ಬಿಚ್ಚದ ಎಳೆ ಎಲೆಯ ಬಣ್ಣ, ಹಸಿರಿಗಿಂತ ಹಳದಿಯೇ ಒಂದು ತೂಕ ಮುಂದು. ಪ್ರಿಂಟಿನಲ್ಲಿ ಅದು ಆಸ್ಪತ್ರೆಯ ಪರದೆಯಂಥ ನೀಲಿ ಹಸಿರಾಗಿತ್ತು. ಅವರು ಪ್ರಿಂಟನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು ಸೀರೆಯ ಮೇಲೆ ಬೆರಳಿಟ್ಟು ತೋರಿಸಿದರು. ಬೈಯಲಿಲ್ಲ. ಬೈದಿದ್ದರೆ ನನಗೂ ಮಾತಾಡಲು ಸುಲಭವಾಗುತ್ತಿತ್ತು.

ಫೋಟೋ ತೆಗೆದದ್ದು ಅವರ ಮೊಮ್ಮಗಳು, ಫೋನಿನಲ್ಲಿ. ಫೋನಿನವರು ಬಣ್ಣವನ್ನು ತಮಗೆ ಬೇಕಾದ ಹಾಗೆ ಏರಿಸಿ ಇಳಿಸಿ ಮಾಡಿರುತ್ತಾರೆ, ಅಲ್ಲಿಂದಿಲ್ಲಿಗೆ ಕಳಿಸುವಾಗ ಇನ್ನಷ್ಟು ಕೆಡುತ್ತದೆ, ತಪ್ಪು ಫೈಲಿನಲ್ಲೇ ಇದೆ ಎಂದು ನಾನು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು ತಮ್ಮ ಫೋನ್ ತೆಗೆದು ಅದೇ ಫೋಟೋ ತೋರಿಸಿದರು. ಅದರಲ್ಲಿ ಸೀರೆ ಬಾಳೆಸುಳಿಯ ಬಣ್ಣಕ್ಕೇ ಇತ್ತು.

"ಇದ್ರಲ್ಲಿ ಸರಿಯಾಗಿದ್ಯಲ್ಲಮ್ಮ. ಫೈಲು ಇದೇ ತಾನೇ?" ಎಂದರು.

ಮೂಲ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ತನ್ನಿ, ನೋಡೋಣ ಎಂದು ಕಳಿಸಿಕೊಟ್ಟೆ. ಮಾರನೇ ದಿನವೇ ತಂದುಕೊಟ್ಟು ಹೋದರು.

ಆಮೇಲಿನ ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಫೈಲನ್ನು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆದರೆ ಹಳದಿ. ಅದೇ ಫೈಲನ್ನು ಇಂಟರ್ನೆಟ್ ನೋಡುವ ಕಿಟಕಿಗೆ ಎಳೆದು ಹಾಕಿದರೆ, ಅದೇ ಪರದೆಯ ಮೇಲೆ, ಸರಿಯಾಗಿ ಕಾಣುತ್ತಿತ್ತು. ಇದು ನನಗೆ ಅರ್ಥವಾಗಲಿಲ್ಲ. ಪ್ರತಿ ಫೋಟೋದೊಳಗೂ ಇದರ ಬಣ್ಣವನ್ನು ಹೀಗೆ ಓದಬೇಕು ಎಂದು ಹೇಳುವ ಒಂದು ಸೂಚನೆ ಅಡಗಿರುತ್ತದೆ. ಅದೇ ಕೆಟ್ಟಿರಬೇಕು ಎಂದು ಅದನ್ನು ಅಳಿಸಿ ತೆರೆದೆ. ಹಳದಿಯೇ. ಬೇರೆ ಸೂಚನೆ ಕೊಟ್ಟು ತೆರೆದೆ, ಫೈಲನ್ನು ಬೇರೆ ನಮೂನೆಗೆ ಬದಲಿಸಿ ತೆರೆದೆ. ಸಾಫ್ಟ್‌ವೇರನ್ನೇ ಕಿತ್ತು ಮತ್ತೆ ಹಾಕಿದೆ, ಅದಕ್ಕೆ ಅರ್ಧ ದಿನ ಹೋಯಿತು. ಯಾವುದಕ್ಕೂ ಜಗ್ಗಲಿಲ್ಲ. ಇಷ್ಟರಲ್ಲಿ ಇನ್ನೊಂದು ಫೋಟೋ ತೆರೆದು ಹೋಲಿಸಿ ನೋಡಬೇಕು ಎಂಬ ಸಣ್ಣ ಯೋಚನೆ ನನಗೆ ಬರಲಿಲ್ಲ. ಫೈಲು ಕೆಟ್ಟಿದೆ ಎಂದು ಬಾಯಿಬಿಟ್ಟು ಹೇಳಿಯಾಗಿತ್ತು. ಆ ಮಾತನ್ನು ನಿಜ ಮಾಡುವುದಕ್ಕೆ ಹೊರಟಿದ್ದೆ ಅಂತ ಈಗ ಅನ್ನಿಸುತ್ತದೆ.

ಮೂರನೇ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವರೇ ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿದ ಸೀರೆ. ನಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಮಾತಿನ ಕೊನೆಗೆ, ಸೀರೆಯನ್ನು ಪರದೆಯ ಪಕ್ಕ ಹಿಡಿದು ಕಣ್ಣಂದಾಜಿನಲ್ಲೇ ಬಣ್ಣ ಕೂಡಿಸುತ್ತೇನೆ ಸಾರ್ ಎಂದೆ. ಅವರು ಸೀರೆಯನ್ನು ಚೀಲದಿಂದ ತೆಗೆಯಲೇ ಇಲ್ಲ.

"ಬಣ್ಣ ಆಮೇಲೆ ನೋಡೋಣಮ್ಮ. ಮೊದ್ಲು ಬಿಳಿ ತೋರ್ಸಿ."

ನನಗೆ ತಿಳಿಯಲಿಲ್ಲ. ಅವರು ನಿಧಾನವಾಗಿ ಹೇಳಿದರು. "ಗಿರಣೀಲಿ ಬೆಳಗ್ಗೆ ಶೇಡ್ ನೋಡೋಕೆ ಕೂರೋ ಮುಂಚೆ ಬಣ್ಣ ಹಾಕ್ದೇ ಇರೋ ಬಿಳೀ ಬಟ್ಟೆ ನೋಡ್ತಿದ್ವಿ. ಅದು ಬಿಳಿ ಕಾಣ್ಲಿಲ್ಲ ಅಂದ್ರೆ ಲೈಟು ಸರಿಯಿಲ್ಲ, ಇಲ್ಲ ನಮ್ಮ ಕಣ್ಣು ಸರಿಯಿಲ್ಲ. ಅವತ್ತು ಶೇಡ್ ಮುಟ್ತಿರ್ಲಿಲ್ಲ."

ಸಾಫ್ಟ್‌ವೇರಿನಲ್ಲಿ ಹೊಸ ಪುಟವೊಂದನ್ನು ತೆರೆದೆ. ಏನೂ ಇಲ್ಲದ ಖಾಲಿ ಬಿಳಿ ಪುಟ. ಅವರು ನನ್ನ ಪ್ರಿಂಟರಿನಿಂದ ಒಂದು ಹಾಳೆ ಎಳೆದು, ಕಿಟಕಿಯ ಬೆಳಕು ಬೀಳುವ ಹಾಗೆ ಪರದೆಯ ಪಕ್ಕಕ್ಕೆ ಹಿಡಿದರು. ಹಾಳೆ ಬೆಳ್ಳಗಿತ್ತು. ನನ್ನ ಬಿಳಿ ಪುಟ ಕೆನೆ ಕಟ್ಟಿದ ಹಾಲಿನ ಹಾಗಿತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಮೂರು ವಾರದಿಂದ ದಿನಕ್ಕೆ ಎಂಟು ಗಂಟೆ ಅದರ ಮುಂದೆ ಕೂತಿದ್ದೆ. ಅವರು ಹಾಳೆಯನ್ನು ಮಡಚದೆ ಮೇಜಿನ ಮೇಲಿಟ್ಟು, "ಫೈಲು ಪಾಪ ಏನೂ ಮಾಡಿಲ್ಲಮ್ಮ" ಎಂದರು.

ದಾರಿ ಗೊತ್ತಾದ ಮೇಲೆ ಕಾರಣ ಸಿಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಾನಿಟರ್ ಬಣ್ಣವನ್ನು ಹೇಗೆ ತೋರಿಸುತ್ತದೆ ಎಂದು ಕಂಪ್ಯೂಟರಿಗೆ ತಿಳಿಸುವ ಒಂದು ಸಣ್ಣ ಫೈಲು ಇರುತ್ತದೆ, ಪ್ರೊಫೈಲ್ ಎನ್ನುತ್ತಾರೆ. ಹೊಸ ಮಾನಿಟರ್ ಜೋಡಿಸಿದ ದಿನ ಕಂಪ್ಯೂಟರ್ ತಾನಾಗಿ ಇಳಿಸಿಕೊಂಡದ್ದು ಅದನ್ನೇ, ಮತ್ತು ಅದು ಸರಿಯಿರಲಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಆ ಪ್ರೊಫೈಲಿನ ಮಾತು ಕೇಳಿ ಬಣ್ಣ ತೋರಿಸುತ್ತಿತ್ತು. ಇಂಟರ್ನೆಟ್ಟಿನ ಕಿಟಕಿ ಅದನ್ನು ಕೇಳದೆ ಫೋಟೋ ಇದ್ದ ಹಾಗೆ ತೋರಿಸುತ್ತಿತ್ತು. ಒಂದೇ ಪರದೆಯ ಮೇಲೆ ಎರಡು ಬಣ್ಣ ಬಂದದ್ದು ಹಾಗೆ. ಸೆಟ್ಟಿಂಗಿಗೆ ಹೋಗಿ ಆ ಪ್ರೊಫೈಲನ್ನು ತೆಗೆದು, ಎಲ್ಲರೂ ಬಳಸುವ ಸಾಮಾನ್ಯ ಪ್ರೊಫೈಲನ್ನು ಹಾಕಿದೆ. ಸಾಫ್ಟ್‌ವೇರ್ ಮುಚ್ಚಿ ತೆರೆದೆ. ಪುಟ ಬೆಳ್ಳಗೆ ಬಂತು. ಅವರ ಹೆಂಡತಿಯ ಫೋಟೋ ತೆರೆದೆ. ಮನೆಯ ಟೆರೇಸಿನ ಮೇಲೆ, ಬೆಳಗಿನ ಬಿಸಿಲಲ್ಲಿ, ಸ್ವಲ್ಪ ಸಿಟ್ಟಿನಲ್ಲಿರುವ ಹಾಗೆ ಕಾಣುವ ಅಜ್ಜಿ, ಬಾಳೆಸುಳಿಯ ಸೀರೆ. ನಾನು ಏನನ್ನೂ ತಿದ್ದಬೇಕಿರಲಿಲ್ಲ.

ಅತ್ತೆ ಒಳಗಿನಿಂದ ಬಂದು ಒಂದು ಕಣ್ಣು ಮುಚ್ಚಿ ಪರದೆ ನೋಡಿದರು. "ಈಗ ಸರಿಯಾಯ್ತು" ಎಂದು ಹೇಳಿ, ಬಂದವರಿಗೆ ಕಾಫಿ ಕೊಟ್ಟೆಯಾ ಎಂದು ಕೇಳಿದರು. ಅವರ ಮಾತನ್ನು ನಾನು ತಳ್ಳಿಹಾಕಿದ್ದನ್ನು ಎತ್ತಿ ಆಡಲಿಲ್ಲ. ಬಂದವರು ಹೋದ ಮೇಲೆ ನಾನೇ ತಪ್ಪಾಯಿತು ಅತ್ತೆ ಎಂದೆ. ಕಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತಾಯಿತು ಎಂದರು.

ಮಧ್ಯಾಹ್ನ ಊಟವಾದ ಮೇಲೆ ಆ ಮೂರು ವಾರದಲ್ಲಿ ಕಳಿಸಿದ ಕೆಲಸಗಳನ್ನು ತೆರೆದು ಕೂತೆ. ನನ್ನ ಕಣ್ಣಿಗೆ ಕಾಣುತ್ತಿದ್ದ ಹಳದಿಯನ್ನು ತೆಗೆಯುವುದಕ್ಕೆ ನಾನು ನೀಲಿ ಸೇರಿಸಿದ್ದೆ. ಪರದೆ ಸರಿಹೋದ ಮೇಲೆ ಆ ನೀಲಿಯೆಲ್ಲ ಎದ್ದು ಕಂಡಿತು. ಮದುಮಗಳು, ಮದುಮಗ, ಪುರೋಹಿತರು, ಧಾರೆ ಎರೆಯುವ ತಂದೆತಾಯಿ, ಎಲ್ಲರ ಮುಖವೂ ನೀಲಿ ಹಾಕಿ ಒಗೆದ ಬಟ್ಟೆಯ ಹಾಗೆ. ತುಪ್ಪ ಸುರಿದ ಹೋಳಿಗೆಯ ಫೋಟೋವೊಂದಿತ್ತು, ಅದಂತೂ ಬೂದಿ ಬಣ್ಣ. ಇದನ್ನು ನಾನೇ ಮಾಡಿ, ಚೆನ್ನಾಗಿ ಬಂದಿದೆ ಎಂದು ಕಳಿಸಿದ್ದೆ ಎನ್ನುವುದು ನಂಬುವುದಕ್ಕೆ ಕಷ್ಟವಾಯಿತು.

ಒಟ್ಟು ಮೂರು ಆಲ್ಬಮ್. ಕೆಂಗೇರಿಯ ಒಂದು ನಾಮಕರಣದ್ದು ಇನ್ನೂ ಪ್ರಿಂಟಿಗೆ ಹೋಗಿರಲಿಲ್ಲ. ಅದನ್ನು ತಡೆದೆ. ಬಸವೇಶ್ವರನಗರದ ಗೃಹಪ್ರವೇಶದ್ದು ಮತ್ತು ಶ್ರೀಗಂಧದ ಕಾವಲಿನ ಮದುವೆಯದ್ದು ಗಿರಾಕಿಯ ಕೈ ಸೇರಿಯಾಗಿತ್ತು. ಸ್ಟುಡಿಯೋ ಮಾಲೀಕರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಯಾರೂ ಬಂದು ಕೇಳಿಲ್ವಲ್ಲ. ನೀನ್ಯಾಕಮ್ಮ ಮೈಮೇಲೆ ಎಳ್ಕೋತೀಯ?" ಎಂದರು.

ಅವರು ಕೆಟ್ಟವರಲ್ಲ. ನನಗೆ ಕೆಲಸ ಕಲಿಸಿದವರು. ಅವರ ಮಾತಿನಲ್ಲಿ ಲೋಕಜ್ಞಾನವೂ ಇತ್ತು. ಆದರೆ ಆ ಅಜ್ಜ ಎರಡು ಸಲ ಅಂಗಡಿಗೆ, ಮೂರು ಸಲ ನಮ್ಮ ಮನೆಗೆ ಬಸ್ಸು ಹತ್ತಿ ಇಳಿದು ಬಂದದ್ದು ನನ್ನ ತಲೆಯಲ್ಲಿ ಕೂತಿತ್ತು. ಕೇಳದವರಿಗೂ ಹೇಳಲೇಬೇಕು, ನಾನೇ ಮಾತಾಡುತ್ತೇನೆ, ಮತ್ತೆ ಪುಟ ತಿದ್ದಿಕೊಡುವುದು ನನ್ನ ಪಾಲಿಗಿರಲಿ ಎಂದೆ. ಕೊನೆಗೆ ನಂಬರುಗಳನ್ನು ಕೊಟ್ಟರು.

ಗೃಹಪ್ರವೇಶದ ಮನೆಯ ಯಜಮಾನರು ನನ್ನ ಮಾತು ಮುಗಿಯುವ ಮೊದಲೇ ನಿಟ್ಟುಸಿರು ಬಿಟ್ಟರು. ಆಲ್ಬಮ್ ನೋಡಿದಾಗಿನಿಂದ ಅವರ ಮನೆಯಲ್ಲಿ ಗೋಡೆಯದೇ ಮಾತಂತೆ. ಹಾಲಿನ ಗೋಡೆ ಗೋಧಿ ಬಣ್ಣದ್ದು ಎಂದು ಹೇಳಿ ಮಾಡಿಸಿದ್ದು, ಫೋಟೋದಲ್ಲಿ ಬೆಳ್ಳಗೆ ಕಾಣುತ್ತದೆ, ಪೇಂಟರು ಒಂದು ಕೈ ಕಡಿಮೆ ಬಳಿದಿದ್ದಾನೆ ಎಂದು ಅವರ ತಮ್ಮ ಹಟ ಹಿಡಿದಿದ್ದನಂತೆ. ಗೋಡೆ ಕಣ್ಣೆದುರಿಗೇ ಇದ್ದರೂ ಫೋಟೋವನ್ನು ನಂಬಿದ್ದರು. ಪೇಂಟರಿಗೆ ಏನೂ ಹೇಳಬೇಡಿ ಎಂದು ಕೇಳಿಕೊಂಡು, ಆಲ್ಬಮನ್ನು ವಾರದೊಳಗೆ ಬದಲಿಸಿಕೊಟ್ಟೆವು.

ಮದುವೆಯ ಆಲ್ಬಮ್ಮಿನ ನಂಬರಿಗೆ ಮಾಡಿದಾಗ ಎತ್ತಿದ್ದು ಹುಡುಗನ ತಾಯಿ. ನಾನು ಬಣ್ಣ ತಪ್ಪಾಗಿದೆ ಎಂದು ಶುರು ಮಾಡಿದ್ದೇ ಅವರು ಗಾಬರಿಯಾದರು. ಯಾರು ಹೇಳಿದ್ದು, ತುಂಬಾ ಚೆನ್ನಾಗಿ ಬಂದಿದೆ, ನಮ್ಮ ಸೊಸೆ ಸ್ವಲ್ಪ ಕಪ್ಪು, ಫೋಟೋದಲ್ಲಿ ಎಷ್ಟು ಬೆಳ್ಳಗೆ ಬಂದಿದ್ದಾಳೆ, ನೆಂಟರೆಲ್ಲ ಯಾವ ಸ್ಟುಡಿಯೋ ಎಂದು ಕೇಳುತ್ತಿದ್ದಾರೆ ಎಂದರು. ದಯವಿಟ್ಟು ಅದನ್ನು ಮುಟ್ಟಬೇಡಿ ಎಂದು ಎರಡು ಸಲ ಹೇಳಿದರು. ಸರಿ ಎಂದು ಫೋನ್ ಇಟ್ಟೆ. ಸ್ಟುಡಿಯೋ ಮಾಲೀಕರಿಗೆ ಹೇಳಿದಾಗ ತುಂಬ ಹೊತ್ತು ನಕ್ಕರು. ನನಗೆ ನಗು ಬರಲಿಲ್ಲ. ಮುಖ ಸ್ವಲ್ಪ ಬೆಳ್ಳಗೆ ಮಾಡಿ ಎಂದು ಬರುವ ಕೋರಿಕೆ ನನಗೆ ಹೊಸದಲ್ಲ. ಎಷ್ಟೋ ಸಲ ಮಾಡಿಕೊಟ್ಟಿದ್ದೇನೆ. ಈ ಸಲ ಅದೇ ಕೆಲಸ ತಪ್ಪಿನಿಂದ ಆಗಿತ್ತು, ಅಷ್ಟೇ ವ್ಯತ್ಯಾಸ.

ಅಜ್ಜನ ಫೋಟೋವನ್ನು ಹೊಸದಾಗಿ ಪ್ರಿಂಟ್ ಹಾಕಿಸಿ, ಈ ಸಲ ಅವರನ್ನು ಓಡಾಡಿಸಬಾರದು ಎಂದು ನಾನೇ ತೆಗೆದುಕೊಂಡು ಹೋದೆ. ಮಹಾಲಕ್ಷ್ಮಿ ಲೇಔಟಿನ ಏರಿನಲ್ಲಿ ಮೊದಲ ಮಹಡಿಯ ಮನೆ. ಅವರು ಪ್ರಿಂಟನ್ನು ಬಾಲ್ಕನಿಗೆ ಒಯ್ದು, ಹಗಲು ಬೆಳಕಿನಲ್ಲಿ ಸೀರೆಯ ಸೆರಗನ್ನು ಅದರ ಮೇಲೆ ಹಾಸಿ, ಎದುರಿನಿಂದ ಒಂದು ಸಲ, ಓರೆಯಿಂದ ಒಂದು ಸಲ ನೋಡಿದರು. ಸೆರಗಿನ ಅಂಚು ಎಲ್ಲಿ ಮುಗಿದು ಫೋಟೋ ಎಲ್ಲಿ ಶುರುವಾಗುತ್ತದೆ ಎಂದು ಬೆರಳಿನಿಂದ ಸವರಿದರು. ಆಮೇಲೆ "ಆಯ್ತಮ್ಮ" ಎಂದರು. ಅಷ್ಟೇ ಮಾತು. ಅವರ ಹೆಂಡತಿ ಅಡುಗೆಮನೆಯಿಂದ ಸೀಬೆಹಣ್ಣು ಹೆಚ್ಚಿ ತಂದಿಟ್ಟು, ನನಗೆ ಈ ಬಣ್ಣ ಇಷ್ಟವೇ ಇರಲಿಲ್ಲ, ನಾನು ಕೇಳಿದ್ದು ಕುಂಕುಮದ ಬಣ್ಣ, ಇವರು ತಮಗೆ ಬೇಕಾದ್ದನ್ನು ಮಾಡಿ ನನಗೆ ಉಡಿಸಿದರು ಎಂದು ನನ್ನ ಹತ್ತಿರ ದೂರು ಹೇಳಿದರು. ಫೋಟೋದಲ್ಲಿ ಸಿಟ್ಟು ಕಂಡದ್ದು ಯಾಕೆಂದು ಗೊತ್ತಾಯಿತು. ಅಜ್ಜ ಕೇಳಿಸಿಯೂ ಕೇಳಿಸದವರ ಹಾಗೆ ಗೋಡೆಗೆ ಮೊಳೆ ಹೊಡೆಯುವ ಜಾಗ ಅಳೆಯುತ್ತಿದ್ದರು.

ಎರಡು ತಿಂಗಳ ಮೇಲೆ ಒಂದು ಶನಿವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಶ್ರೀಗಂಧದ ಕಾವಲಿನ ಮದುವೆಯ ಮದುಮಗಳು. ಸ್ಟುಡಿಯೋದಲ್ಲಿ ವಿಳಾಸ ಕೇಳಿಕೊಂಡು ಬಂದಿದ್ದಳು. ಅವಳ ಅತ್ತೆ ನನ್ನ ಜೊತೆ ಫೋನಿನಲ್ಲಿ ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತಂತೆ. ಕುರ್ಚಿಯಲ್ಲಿ ಕೂತು, ನೀರು ಕುಡಿದು ಹೇಳಿದಳು:

"ಆಂಟಿ, ಆಲ್ಬಮ್ಮಲ್ಲಿ ನಾನು ನಮ್ಮಮ್ಮನ ಮಗಳ ಥರ ಕಾಣ್ತಿಲ್ಲ, ಅಮ್ಮನೂ ಅಮ್ಮನ ಥರ ಇಲ್ಲ. ನಮ್ಮಿಬ್ರದ್ದೂ ಒಂದೇ ಬಣ್ಣ. ಸರಿಯಾಗಿರೋದು ಎರಡು ಮೂರು ಸಿಗುತ್ತಾ?"

ಮೂಲ ಫೋಟೋಗಳು ನನ್ನ ಹತ್ತಿರ ಇದ್ದವು. ಇಬ್ಬರೂ ಕೂತು ಆರಿಸಿದೆವು. ತಾಯಿ ಅವಳ ಹಣೆಗೆ ಕುಂಕುಮ ಇಡುತ್ತಿರುವುದು ಒಂದು, ಅರಿಶಿನ ಶಾಸ್ತ್ರದಲ್ಲಿ ಇಬ್ಬರೂ ಬಾಯ್ತುಂಬ ನಗುತ್ತಿರುವುದು ಒಂದು, ಹೊರಡುವಾಗಿನದು ಒಂದು. ಛತ್ರದ ಲೈಟಿನ ಹಳದಿಯನ್ನಷ್ಟೇ ತೆಗೆದೆ. ಅವಳು ತನ್ನ ಕೈಯನ್ನು ಪರದೆಯ ಪಕ್ಕ ಹಿಡಿದು, ಇನ್ನೂ ಸ್ವಲ್ಪ ಕಪ್ಪು ಬೇಕು ಆಂಟಿ, ಇನ್ನೂ ಸ್ವಲ್ಪ ಎಂದು ಹೇಳುತ್ತಾ ಹೋದಳು. ಇಷ್ಟು ವರ್ಷದಲ್ಲಿ ಆ ಕಡೆಗೆ ತಿದ್ದಿ ಎಂದು ನನ್ನನ್ನು ಕೇಳಿದವರಿರಲಿಲ್ಲ. ಮೂರನೇ ಫೋಟೋ ಮುಗಿಯುವಾಗ ಅವಳ ಕಣ್ಣು ಒದ್ದೆಯಾಗಿತ್ತು. ತಾಯಿ ಬನ್ನೇರುಘಟ್ಟ ರಸ್ತೆಯ ಕಡೆ ಇದ್ದಾರೆ, ತಿಂಗಳಿಗೊಂದು ಸಲ ಹೋಗುತ್ತೇನೆ ಎಂದು ಅವಳೇ ಹೇಳಿದಳು.

ಫೋಟೋಗಳನ್ನು ಅವಳ ಫೋನಿಗೆ ಹಾಕಿಕೊಟ್ಟೆ. ಚಪ್ಪಲಿ ಮೆಟ್ಟುತ್ತಿದ್ದಾಗ, ಆಲ್ಬಮ್ ಬೇಕಾದರೆ ಈಗಲೂ ಬದಲಿಸಿಕೊಡಬಹುದು, ನಾನು ನಿಮ್ಮ ಅತ್ತೆಯ ಹತ್ತಿರ ಮಾತಾಡುತ್ತೇನೆ ಎಂದೆ.

"ಬೇಡ ಬಿಡಿ ಆಂಟಿ. ಅದನ್ನ ಆಗ್ಲೇ ಎಲ್ರಿಗೂ ತೋರ್ಸಾಗಿದೆ" ಎಂದು ಹೇಳಿ ಮೆಟ್ಟಿಲಿಳಿದು ಹೋದಳು.